ವಾರವೆಲ್ಲ ಮ್ಯಾನೇಜರು, ವಾರಾಂತ್ಯದಲ್ಲಿ ವಿದ್ಯಾರ್ಥಿ

ನನ್ನ ಹಳೆಯ ವಿದ್ಯಾರ್ಥಿಗಳು ಮದುವೆ ಮುಂಜಿಗಳ ಪಂಕ್ತಿಯಲ್ಲಿಯೋ ದೂರವಾಣಿಯಲ್ಲಿಯೋ ಸಿಕ್ಕಾಗ ಕೇಳುವ ಪ್ರಶ್ನೆಗಳಲ್ಲಿ ಇತ್ತೀಚೆಗೆ ಒಂದು ಬದಲಾವಣೆಯನ್ನು ಕಾಣುತ್ತಿದ್ದೇನೆ. ಮೊದಲೆಲ್ಲ ಮಕ್ಕಳನ್ನು ಯಾವ ಶಾಲೆಗೆ ಸೇರಿಸೋಣ, ವಿಜ್ಞಾನ ಕೊಡಿಸೋಣವೋ ವಾಣಿಜ್ಯವೋ ಎಂದು ಕೇಳುತ್ತಿದ್ದರು. ಈಗ ನಲವತ್ತರ ಆಸುಪಾಸಿನ, ಕಾರ್ಖಾನೆ, ಬ್ಯಾಂಕು, ಸಾಫ್ಟ್‌ವೇರ್ ಕಚೇರಿಗಳಲ್ಲಿ ಮ್ಯಾನೇಜರ್ ಹುದ್ದೆಗೇರಿದ ಇವರು ತಮ್ಮದೇ ಓದಿನ ಬಗ್ಗೆ ಕೇಳುತ್ತಾರೆ. ಕೆಲಸ ಬಿಡದೆ ಎಕ್ಸಿಕ್ಯುಟಿವ್ ಎಂ.ಬಿ.ಎ. ಮಾಡಬಹುದೇ, ಈ ವಯಸ್ಸಿನಲ್ಲಿ ಓದು ತಲೆಗೆ ಹತ್ತುತ್ತದೆಯೇ, ಅಷ್ಟು ಹಣ ಸುರಿಯುವುದಕ್ಕೆ ಅರ್ಥವಿದೆಯೇ ಎಂಬುದು ಅವರ ಪ್ರಶ್ನೆ.

ವ್ಯವಹಾರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಕಲಿಯುವುದು ಮತ್ತು ಕಲಿಸುವುದು ಮೂರೂವರೆ ದಶಕಗಳ ಕಾಲ ನನ್ನ ಕಸುಬಾಗಿತ್ತು. ಆ ಅಧಿಕಾರದಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಡಳಿತವನ್ನು ಕಲಿಯಲು ಇಪ್ಪತ್ತೆರಡು ವಯಸ್ಸಿಗಿಂತ ನಲವತ್ತೇ ಒಳ್ಳೆಯ ವಯಸ್ಸು. ಆದರೆ ಆ ಓದಿನ ಬೆಲೆಯನ್ನು ತೆರುವವರು ಓದುವವರಷ್ಟೇ ಅಲ್ಲ. ಈ ಎರಡನೆಯ ಮಾತನ್ನು ಮರೆತವರು ಪದವಿಯನ್ನು ಪಡೆದರೂ ವಿದ್ಯೆಯನ್ನು ಪಡೆದಂತಾಗುವುದಿಲ್ಲ.

ದುಡಿಯುವ ಅಧಿಕಾರಿಗಳಿಗಾಗಿಯೇ ಎಂ.ಬಿ.ಎ. ಪಾಠ ಹೇಳುವ ಪದ್ಧತಿ ಹೊಸದೇನೂ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ವ್ಯವಹಾರ ಶಾಲೆಯನ್ನು ತೆರೆದದ್ದು 1908ರಲ್ಲಿ. ಷಿಕಾಗೊ ವಿಶ್ವವಿದ್ಯಾಲಯ 1943ರಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, ಕೆಲಸದಲ್ಲಿರುವವರಿಗಾಗಿ ಮೊತ್ತಮೊದಲ ಎಕ್ಸಿಕ್ಯುಟಿವ್ ಎಂ.ಬಿ.ಎ. ತರಗತಿಯನ್ನು ಆರಂಭಿಸಿತು. ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ 1973ರಲ್ಲಿ ಸ್ಥಾಪನೆಯಾಯಿತು. ಸಾಫ್ಟ್‌ವೇರ್ ಉದ್ಯಮ ಊರನ್ನು ತುಂಬತೊಡಗಿದ ಕಾಲದಲ್ಲಿ, 1998ರಲ್ಲಿ, ಆ ಉದ್ಯಮದವರು ಕೆಲಸ ಬಿಡದೆ ಓದಲೆಂದು ಅಲ್ಲಿ ಪ್ರತ್ಯೇಕ ಕೋರ್ಸೊಂದು ಶುರುವಾಯಿತು. ಮುಂದೆ ಅದು ಎಲ್ಲ ಬಗೆಯ ಉದ್ಯಮದವರಿಗೂ ತೆರೆದುಕೊಂಡಿತು. ಹಾಗಾಗಿ ನಮ್ಮ ಊರಿನವರಿಗೆ ಈ ಓದು ಕಾಲು ಶತಮಾನದಿಂದ ಪರಿಚಿತವಾದದ್ದೇ.

ಬಿ.ಎಡ್. ತರಬೇತಿಯಲ್ಲಿ ನಮಗೆ ಕೆಲವು ಬೋಧನಾ ಸೂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ತಿಳಿದುದರಿಂದ ತಿಳಿಯದುದರೆಡೆಗೆ, ಮೂರ್ತದಿಂದ ಅಮೂರ್ತದೆಡೆಗೆ, ಸರಳದಿಂದ ಸಂಕೀರ್ಣದೆಡೆಗೆ. ಪರೀಕ್ಷೆಗೆಂದು ಕಲಿತ ಈ ಸೂತ್ರಗಳ ಸತ್ಯ ಗೊತ್ತಾಗುವುದು ತರಗತಿಯಲ್ಲಿ ನಿಂತಾಗ. ಹೊಳೆಯನ್ನೇ ಕಾಣದ ಮಗುವಿಗೆ ನದೀ ಮುಖಜ ಭೂಮಿಯನ್ನು ವಿವರಿಸುವುದು ಎಷ್ಟು ಕಷ್ಟವೋ, ಒಬ್ಬ ಕೆಲಸಗಾರನನ್ನೂ ಸಂಭಾಳಿಸದ ಇಪ್ಪತ್ತೆರಡರ ಹುಡುಗನಿಗೆ ಮಾನವ ಸಂಪನ್ಮೂಲ ನಿರ್ವಹಣೆಯನ್ನು ವಿವರಿಸುವುದು ಅಷ್ಟೇ ಕಷ್ಟ. ಅವನು ವ್ಯಾಖ್ಯೆಯನ್ನು ಕಲಿಯುತ್ತಾನೆ, ಅಂಕವನ್ನೂ ತೆಗೆಯುತ್ತಾನೆ. ಆದರೆ ಹದಿನೈದು ವರ್ಷ ದುಡಿದವನು ಅದೇ ಪಾಠಕ್ಕೆ ಕುಳಿತಾಗ ಅವನ ಮನಸ್ಸಿನಲ್ಲಿ ಒಂದು ಹೆಸರು, ಒಂದು ಮುಖ, ಬಗೆಹರಿಯದೆ ಉಳಿದ ಒಂದು ಜಗಳ ಇರುತ್ತದೆ. ಪ್ರಶ್ನೆ ಮೊದಲೇ ಇದ್ದವನಿಗೆ ಉತ್ತರ ಅಂಟಿಕೊಳ್ಳುತ್ತದೆ. ಪ್ರಶ್ನೆಯೇ ಇಲ್ಲದವನಿಗೆ ಉತ್ತರವೂ ಒಂದು ಹೊರೆಯೇ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವಿಭಾಗದ ಮುಖ್ಯಸ್ಥನಾಗಿರುವ ನನ್ನ ಶಿಷ್ಯನೊಬ್ಬ ಹೇಳಿದ ಸಂಗತಿ ಇದಕ್ಕೆ ಒಳ್ಳೆಯ ನಿದರ್ಶನ. ಅವನಿಗೂ ಹಣಕಾಸು ವಿಭಾಗದವರಿಗೂ ವರ್ಷಗಟ್ಟಲೆ ಹಗ್ಗಜಗ್ಗಾಟ. ಮೂರು ತಿಂಗಳಿಗಾಗುವಷ್ಟು ಉಕ್ಕು ಗೋದಾಮಿನಲ್ಲಿ ಸದಾ ಇರಬೇಕು, ಯಂತ್ರ ಒಂದು ಗಂಟೆಯೂ ನಿಲ್ಲಬಾರದು ಎಂಬುದು ಇವನ ಹಟ. ಅದು ಅವನ ದೃಷ್ಟಿಯಲ್ಲಿ ಜಾಗರೂಕತೆ, ಮನೆಯ ಕಣಜದಲ್ಲಿ ವರ್ಷದ ರಾಗಿ ತುಂಬಿಟ್ಟ ಹಾಗೆ. ವಾರಾಂತ್ಯದ ತರಗತಿಯಲ್ಲಿ ದುಡಿಯುವ ಬಂಡವಾಳದ ಪಾಠ ಬಂದಾಗ ಅವನು ತನ್ನ ಗೋದಾಮಿನ ಲೆಕ್ಕವನ್ನೇ ಹಾಳೆಯ ಮೇಲೆ ಹಾಕಿ ನೋಡಿದನಂತೆ. ಗೋದಾಮಿನಲ್ಲಿ ಮಲಗಿದ್ದ ಉಕ್ಕಿನ ಬೆಲೆ ಸುಮಾರು 2 ಕೋಟಿ ರೂಪಾಯಿ. ಬ್ಯಾಂಕಿನಿಂದ ತಂದ ಆ ಹಣಕ್ಕೆ ಶೇಕಡಾ 12ರ ಬಡ್ಡಿಯೆಂದರೆ ವರ್ಷಕ್ಕೆ 24 ಲಕ್ಷ. ದಾಸ್ತಾನನ್ನು ಒಂದು ತಿಂಗಳ ಮಟ್ಟಕ್ಕೆ ಇಳಿಸಿದರೆ ಅದರಲ್ಲಿ 16 ಲಕ್ಷ ಉಳಿಯುತ್ತದೆ. ಇದು ನನ್ನ ಎಂಟನೆಯ ತರಗತಿಯ ಹುಡುಗರೂ ಮಾಡಬಲ್ಲ ಸರಳ ಬಡ್ಡಿಯ ಲೆಕ್ಕ. ಆದರೆ ಹಣಕಾಸಿನವರು ಯಾಕೆ ಗೊಣಗುತ್ತಿದ್ದರು ಎಂಬುದು ಅವನಿಗೆ ಅರ್ಥವಾದದ್ದು ಆ ದಿನ.

ಅವನು ಸೋಮವಾರವೇ ಹೋಗಿ ದಾಸ್ತಾನನ್ನು ಇಳಿಸಿಬಿಡಲಿಲ್ಲ, ಅದೂ ಮುಖ್ಯ. ಉಕ್ಕು ಪೂರೈಸುವವರು ತಡಮಾಡಿದರೆ ಏನು ಗತಿ ಎಂಬ ಅವನ ಹಳೆಯ ಭಯಕ್ಕೂ ಆಧಾರವಿತ್ತು. ಹದಿನೈದು ದಿನಕ್ಕೊಮ್ಮೆ ಸರಕು ಕಳಿಸಲು ಒಪ್ಪುವ ಪೂರೈಕೆದಾರರನ್ನು ಹುಡುಕಿ, ಮೊದಲು ಒಂದೇ ಬಗೆಯ ಉಕ್ಕಿನಲ್ಲಿ ಪ್ರಯೋಗ ಮಾಡಿ, ಎಂಟು ತಿಂಗಳಲ್ಲಿ ಒಂದೂವರೆ ತಿಂಗಳ ದಾಸ್ತಾನಿಗೆ ಬಂದು ನಿಂತನಂತೆ. ಪುಸ್ತಕ ಹೇಳಿದ್ದು ಅರ್ಧ, ಪೀಣ್ಯ ಹೇಳಿದ್ದು ಅರ್ಧ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ಓದು ಬೇಡವೆನ್ನುವವರು ಆಗಾಗ ಬಳಸುವುದುಂಟು. ಗಾದೆ ಒಕ್ಕಾಲನ್ನು ಬಿಟ್ಟುಬಿಡಿ ಎನ್ನುವುದಿಲ್ಲ. ಒಕ್ಕಾಲಿಲ್ಲದೆ ಮುಕ್ಕಾಲು ರೂಪಾಯಿಯಾಗದು.

ಕೆಲಸವೇ ದೊಡ್ಡ ಗುರು, ತರಗತಿ ಯಾಕೆ ಎಂದು ವಾದಿಸುವವರಿಗೂ ಇಲ್ಲೇ ಉತ್ತರವಿದೆ. ಅನುಭವ ತಾನಾಗಿಯೇ ಕಲಿಸುವುದಿಲ್ಲ. ಹಳದಿಗಟ್ಟಿದ ಟಿಪ್ಪಣಿಯ ಅದೇ ಪುಸ್ತಕವನ್ನು ಇಪ್ಪತ್ತು ವರ್ಷ ತರಗತಿಗೆ ಒಯ್ದ ಉಪಾಧ್ಯಾಯರನ್ನು ನಾವೆಲ್ಲ ಕಂಡಿದ್ದೇವೆ. ಅವರಿಗಿದ್ದದ್ದು ಇಪ್ಪತ್ತು ವರ್ಷದ ಅನುಭವವಲ್ಲ, ಒಂದು ವರ್ಷದ ಅನುಭವ ಇಪ್ಪತ್ತು ಬಾರಿ. ಕೆಲಸದಿಂದ ಒಂದು ದಿನ ಈಚೆ ಬಂದು, ತಾನು ಮಾಡುತ್ತಿರುವುದನ್ನು ಬೇರೆಯವರ ಕಣ್ಣಿನಿಂದ ನೋಡುವ ಅವಕಾಶವನ್ನು ತರಗತಿ ಕೊಡುತ್ತದೆ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಮಿಂಟ್ಸ್‌ಬರ್ಗ್. 2004ರಲ್ಲಿ ಪ್ರಕಟವಾದ ‘ಮ್ಯಾನೇಜರ್ಸ್ ನಾಟ್ ಎಂಬಿಎಸ್’ ಎಂಬ ಪುಸ್ತಕದಲ್ಲಿ ಅವರು ಕೆಲಸದ ಅನುಭವವಿಲ್ಲದ ಎಳೆಯರಿಗೆ ಎಂ.ಬಿ.ಎ. ಕಲಿಸುವ ಪದ್ಧತಿಯನ್ನೇ ತರಾಟೆಗೆ ತೆಗೆದುಕೊಂಡರು. ಆಡಳಿತವೆಂಬುದು ಶಾಸ್ತ್ರ ಮಾತ್ರವಲ್ಲ, ಅದರಲ್ಲಿ ಕಲೆಯೂ ಕಸುಬುಗಾರಿಕೆಯೂ ಬೆರೆತಿವೆ, ಮ್ಯಾನೇಜರನನ್ನು ತರಗತಿಯಲ್ಲಿ ಹೊಸದಾಗಿ ತಯಾರಿಸಲು ಬರುವುದಿಲ್ಲ, ಆಗಲೇ ಮ್ಯಾನೇಜರ್ ಆಗಿರುವವನನ್ನು ತಿದ್ದಿ ಬೆಳೆಸಬಹುದು ಎಂಬುದು ಅವರ ವಾದ.

ಬರಿಯ ಟೀಕೆಯಲ್ಲಿ ನಿಲ್ಲದೆ ಅವರು ಜೊತೆಗಾರರೊಂದಿಗೆ 1996ರಲ್ಲಿಯೇ ದುಡಿಯುವ ಮ್ಯಾನೇಜರುಗಳಿಗಾಗಿ ಒಂದು ಅಂತರರಾಷ್ಟ್ರೀಯ ಕೋರ್ಸನ್ನು ಕಟ್ಟಿದ್ದರು. ವಿದ್ಯಾರ್ಥಿಗಳು ತಮ್ಮ ಕೆಲಸದಲ್ಲಿದ್ದುಕೊಂಡೇ ನಡುನಡುವೆ ಸುಮಾರು ಎರಡೆರಡು ವಾರ ಇಂಗ್ಲೆಂಡು, ಕೆನಡಾ, ಭಾರತ, ಜಪಾನು ಮತ್ತು ಫ್ರಾನ್ಸಿನಲ್ಲಿ ಸೇರಿ ಕಲಿಯಬೇಕಿತ್ತು. ಒಂದೊಂದು ದೇಶದಲ್ಲಿ ಒಂದೊಂದು ಮನೋಧರ್ಮದ ಪಾಠ. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಆತ್ಮಾವಲೋಕನ, ಮೆಕ್‌ಗಿಲ್‌ನಲ್ಲಿ ವಿಶ್ಲೇಷಣೆ, ಜಪಾನಿನಲ್ಲಿ ಸಹಕಾರ, ಫ್ರಾನ್ಸಿನಲ್ಲಿ ಕಾರ್ಯಪ್ರವೃತ್ತಿ. ನಮ್ಮ ಬೆಂಗಳೂರಿನ ಐ.ಐ.ಎಂ.ಗೆ ಬಂದದ್ದು ಲೋಕಜ್ಞಾನದ ಪಾಲು. ದೂರದಲ್ಲಿ ನಿಂತು ಎಲ್ಲ ದೇಶಗಳೂ ಒಂದೇ ಎಂದು ಭಾವಿಸುವುದು ಲೋಕಜ್ಞಾನವಲ್ಲ, ಹತ್ತಿರ ಹೋಗಿ ಒಂದು ಊರಿನ ಬದುಕು ಇನ್ನೊಂದು ಊರಿನಂತೆ ಇಲ್ಲವೆಂದು ಕಾಣುವುದೇ ಲೋಕಜ್ಞಾನ ಎಂಬುದು ಅದರ ಹಿಂದಿನ ಆಶಯ. ದೇಶ ಸುತ್ತು, ಕೋಶ ಓದು ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದಕ್ಕೆ ಹೊರದೇಶದ ಪಂಡಿತರೂ ಬೆಂಗಳೂರಿಗೇ ಬರಬೇಕಾಯಿತಲ್ಲ ಎಂದು ನನಗೆ ಸಂತೋಷ.

ಆ ಕೋರ್ಸಿನ ಇನ್ನೆರಡು ನಿಯಮಗಳು ಉಪಾಧ್ಯಾಯನಾದ ನನಗೆ ಬಹಳ ಹಿಡಿಸಿದವು. ತರಗತಿಯ ಅರ್ಧ ಸಮಯವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೇ ಬಿಟ್ಟುಕೊಡಬೇಕು. ದುಂಡು ಮೇಜುಗಳ ಸುತ್ತ ಕುಳಿತ ಅವರು ತಂತಮ್ಮ ಅನುಭವದ ಬೆಳಕಿನಲ್ಲಿ ಆ ಪಾಠವನ್ನು ಚರ್ಚಿಸಬೇಕು. ಎರಡನೆಯದು, ಇಬ್ಬಿಬ್ಬರು ಜೊತೆಗೂಡಿ ಒಬ್ಬರು ಇನ್ನೊಬ್ಬರ ಕಚೇರಿಗೆ ಹೋಗಿ ಒಂದು ವಾರ ಸುಮ್ಮನೆ ನೋಡುತ್ತ ಇರಬೇಕು. ವಿದ್ಯೆಯಲ್ಲಿ ಗುರುವಿನ ಪಾಲು ಕಾಲು ಭಾಗ ಮಾತ್ರ, ಸಹಪಾಠಿಗಳ ಪಾಲೂ ಅಷ್ಟೇ ಇದೆ ಎಂಬ ಹಿರಿಯರ ಲೆಕ್ಕ ಇಲ್ಲಿ ಹೊಸ ರೂಪದಲ್ಲಿ ಬಂದಿದೆ. ಆದ್ದರಿಂದ ಕೋರ್ಸು ಆರಿಸಿಕೊಳ್ಳುವವರು ಕಟ್ಟಡ, ಕರಪತ್ರ, ಹಾಕಿದ ಭಾವಚಿತ್ರಗಳನ್ನು ನೋಡುವ ಮೊದಲು, ನನ್ನ ಪಕ್ಕದ ಬೆಂಚಿನಲ್ಲಿ ಯಾರು ಕುಳಿತಿರುತ್ತಾರೆ ಎಂದು ವಿಚಾರಿಸಬೇಕು. ಒಬ್ಬ ಆಸ್ಪತ್ರೆಯಿಂದ, ಒಬ್ಬಳು ಬ್ಯಾಂಕಿನಿಂದ, ಒಬ್ಬ ಸೇನೆಯಿಂದ ಬಂದಿದ್ದರೆ ಅದು ತರಗತಿ. ಎಲ್ಲರೂ ಕ್ಯಾಮೆರಾ ಮುಚ್ಚಿ, ಧ್ವನಿ ಆರಿಸಿ, ಮತ್ತೊಂದು ಕಿಟಕಿಯಲ್ಲಿ ಕಚೇರಿಯ ಮಿಂಚಂಚೆಗೆ ಉತ್ತರಿಸುತ್ತಿದ್ದರೆ ಅದು ಬರಿಯ ಹಾಜರಿ.

ಕೆಲಸದ ಜೊತೆ ಓದುವುದು ನಮ್ಮ ಉಪಾಧ್ಯಾಯ ವರ್ಗಕ್ಕೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮೂಲಕ ಶಿಕ್ಷಣವನ್ನು ಆರಂಭಿಸಿತು. ಅದರ ಉತ್ತರಾಧಿಕಾರಿಯಾಗಿ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂತು. ಹಗಲು ಆರು ಪಿರಿಯಡ್ ಪಾಠ ಮಾಡಿ, ಸಂಜೆ ಅಂಚೆಯಲ್ಲಿ ಬಂದ ಪಾಠದ ಕಟ್ಟುಗಳನ್ನು ಬಿಚ್ಚಿ, ಬೇಸಿಗೆ ರಜೆಯಲ್ಲಿ ಸಂಪರ್ಕ ತರಗತಿಗಳಿಗೆಂದು ಮೈಸೂರಿಗೆ ಹೋಗಿ ಛತ್ರದಲ್ಲಿ ಇಳಿದುಕೊಂಡು ಎಂ.ಎ. ಮುಗಿಸಿದ ಸಹೋದ್ಯೋಗಿಗಳು ನನಗೆ ಅನೇಕರಿದ್ದರು. ಬಡ್ತಿಯ ಆಸೆ ಅವರಿಗೂ ಇತ್ತು. ಅದನ್ನು ತಪ್ಪೆನ್ನಲಾಗದು. ಆದರೆ ಅವರಲ್ಲಿ ಎರಡು ಬಗೆ. ಎಂ.ಎ. ಓದುವಾಗ ಹಳಗನ್ನಡದ ರುಚಿ ಹತ್ತಿ ಹತ್ತನೆಯ ತರಗತಿಯ ಪಾಠವನ್ನೇ ಬೇರೆ ರೀತಿಯಲ್ಲಿ ಹೇಳತೊಡಗಿದವರು ಒಂದು ಬಗೆ. ಗೈಡು ಓದಿ ಪಾಸಾಗಿ, ಪದವಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಿ, ಗೈಡನ್ನು ಮುಂದಿನವರಿಗೆ ಅರ್ಧ ಬೆಲೆಗೆ ಮಾರಿದವರು ಇನ್ನೊಂದು ಬಗೆ. ವೇತನದ ಬಡ್ತಿ ಇಬ್ಬರಿಗೂ ಸಮನಾಗಿಯೇ ಸಿಕ್ಕಿತು. ಮಕ್ಕಳಿಗೆ ಮಾತ್ರ ಅವರಲ್ಲಿನ ವ್ಯತ್ಯಾಸ ಗೊತ್ತಿತ್ತು.

ಎಕ್ಸಿಕ್ಯುಟಿವ್ ಎಂ.ಬಿ.ಎ.ಗಳಲ್ಲಿಯೂ ಈ ಎರಡನೆಯ ಬಗೆಯವರಿದ್ದಾರೆ, ಅವರ ಕೈಯಲ್ಲಿ ಹೆಚ್ಚು ಬಲವಾದ ಉಪಕರಣಗಳಿವೆ. ತಮ್ಮ ಅಸೈನ್‌ಮೆಂಟುಗಳನ್ನು ಕೈಕೆಳಗಿನ ಹುಡುಗರಿಂದ ಬರೆಸುವ ಅಧಿಕಾರಿಗಳ ಸಂಗತಿ ನನ್ನ ಕಿವಿಗೆ ಬಿದ್ದಿದೆ. ಈಗಂತೂ ಹುಡುಗರೂ ಬೇಡ, ಚಾಟ್‌ಜಿಪಿಟಿಗೆ ಒಂದು ವಾಕ್ಯದ ಅಪ್ಪಣೆ ಕೊಟ್ಟರೆ ನಾಲ್ಕು ಪುಟ ಸಿದ್ಧ. ಹದಿನೈದರ ಹುಡುಗ ನಕಲು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ನಲವತ್ತರವನು ಮಾಡಿದರೆ ನಿಲ್ಲಿಸುವವರು ಯಾರು? ಅವನಿಗಾಗಿ ರಾತ್ರಿ ಕುಳಿತು ಅಸೈನ್‌ಮೆಂಟ್ ಬರೆದ ಕಿರಿಯ ನೌಕರನಿಗೆ ಆ ದಿನ ಆಡಳಿತದ ಒಂದು ಪಾಠ ಸಿಕ್ಕಿರುತ್ತದೆ. ಅವನೂ ಮುಂದೊಂದು ದಿನ ಮ್ಯಾನೇಜರ್ ಆಗುತ್ತಾನೆ, ಆ ಪಾಠವನ್ನು ಮರೆಯುವುದಿಲ್ಲ.

ಇನ್ನು ಮನೆಯ ಮಾತು. ಎರಡು ವರ್ಷಕ್ಕೆ ನೂರನಾಲ್ಕು ಭಾನುವಾರಗಳು. ತರಗತಿ ಶನಿವಾರ ಮುಗಿದರೂ ಭಾನುವಾರ ಓದಿಗೆ, ಗುಂಪು ಯೋಜನೆಗೆ ಹೋಗುತ್ತದೆ. ಆ ನೂರನಾಲ್ಕು ದಿನಗಳು ಆಕಾಶದಿಂದ ಉದುರುವುದಿಲ್ಲ. ಮಗುವಿನ ಶಾಲೆಯ ವಾರ್ಷಿಕೋತ್ಸವ, ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ, ಊರಿನ ಜಾತ್ರೆ, ಹೆಂಡತಿಯ ಒಂದು ಗಂಟೆಯ ವಿರಾಮ, ಇವುಗಳಿಂದ ಒಂದೊಂದಾಗಿ ಕಿತ್ತು ತಂದ ದಿನಗಳವು. ಗಂಡಸು ಓದಲು ಕುಳಿತರೆ ಮನೆಯವರೆಲ್ಲ ತುದಿಗಾಲಿನಲ್ಲಿ ನಡೆಯುತ್ತಾರೆ, ಟಿ.ವಿ.ಯ ದನಿ ತಗ್ಗುತ್ತದೆ, ಕಾಫಿ ಮೇಜಿಗೆ ಬರುತ್ತದೆ. ಅದೇ ಮನೆಯ ಹೆಣ್ಣುಮಗಳು, ಅವಳೂ ಮ್ಯಾನೇಜರೇ, ಓದುತ್ತೇನೆಂದರೆ ಮೊದಲು ಕೇಳಿಬರುವುದು ಅಡುಗೆಯ ಪ್ರಶ್ನೆ. ಶಾಲೆಯಲ್ಲಿ ಲೆಕ್ಕಕ್ಕೆ ಸದಾ ಮುಂದಿದ್ದ ನನ್ನ ಶಿಷ್ಯೆಯೊಬ್ಬಳು ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದೂ ಸೇರಲಿಲ್ಲ. ಮಗಳು ಹತ್ತನೆಯ ತರಗತಿ ಎಂಬುದು ಮನೆಯವರು ಕೊಟ್ಟ ಕಾರಣ. ಅದೇ ಮಗಳು ಅಪ್ಪನಿಗೂ ಮಗಳಲ್ಲವೇ? ಹಿಂದಿನ ವರ್ಷವೇ ಅವನು ತನ್ನ ಕೋರ್ಸನ್ನು ಮುಗಿಸಿಕೊಂಡಿದ್ದ. ಆಗ ಒಂಬತ್ತನೆಯ ತರಗತಿಯ ಪಾಠ ಹೇಳಿಕೊಟ್ಟವಳು ಇವಳೇ.

ಇದನ್ನು ನೆನೆದಾಗ ನನಗೊಂದು ಯೋಚನೆ ಬರುತ್ತದೆ. ಈ ಕೋರ್ಸುಗಳ ಅರ್ಜಿಯಲ್ಲಿ ಉದ್ಯೋಗದಾತರ ಒಪ್ಪಿಗೆ ಪತ್ರವನ್ನು ಕೇಳುವುದುಂಟು. ಗಂಡನ ಅಥವಾ ಹೆಂಡತಿಯ ರುಜುವಿಗೂ ಅದರಲ್ಲಿ ಒಂದು ಜಾಗವಿರಲಿ. ಅನುಮತಿ ಕೊಡುವುದಕ್ಕಲ್ಲ, ವಯಸ್ಕರಿಗೆ ಅನುಮತಿಯ ಅಗತ್ಯವಿಲ್ಲ. ನೂರನಾಲ್ಕು ಭಾನುವಾರಗಳ ಹೊಣೆಯನ್ನು ಯಾರು, ಯಾವ ಕ್ರಮದಲ್ಲಿ ಹೊರುತ್ತೇವೆಂದು ಇಬ್ಬರೂ ಕುಳಿತು ಮಾತನಾಡಿದ್ದೇವೆ ಎಂಬುದಕ್ಕೆ ಸಾಕ್ಷಿಯಾಗಿ. ಇಂದು ನಿನ್ನ ಸರದಿಯಾದರೆ ಎರಡು ವರ್ಷದ ಬಳಿಕ ನನ್ನದು ಎಂಬ ಒಪ್ಪಂದವಿದ್ದರೆ ಆ ಮನೆಯಲ್ಲಿ ಎರಡು ಪದವಿಗಳು ಬರುತ್ತವೆ. ಇಲ್ಲದಿದ್ದರೆ ಒಂದು ಪದವಿ ಮತ್ತು ಒಂದು ಮೌನ.

ಹಣದ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೆಸರಾಂತ ಸಂಸ್ಥೆಗಳಲ್ಲಿ ಶುಲ್ಕ 10 ಲಕ್ಷ ರೂಪಾಯಿಗಳನ್ನು ಸಲೀಸಾಗಿ ಮೀರುತ್ತದೆ. 10 ಲಕ್ಷವನ್ನು ಶೇಕಡಾ 10ರ ಬಡ್ಡಿಗೆ ಸಾಲ ತಂದು 5 ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 21,250 ರೂಪಾಯಿ, ಒಟ್ಟು ಕಟ್ಟುವುದು ಸುಮಾರು 12 ಲಕ್ಷದ 75 ಸಾವಿರ. ಬಡ್ತಿ ಸಿಗದಿದ್ದರೂ ಈ ಕಂತನ್ನು ಕಟ್ಟುವ ಶಕ್ತಿ ಮನೆಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಕಂಪನಿಯೇ ಶುಲ್ಕ ಕಟ್ಟುವುದಾದರೆ ಇನ್ನೂ ಒಳ್ಳೆಯದು, ಆದರೆ ಓದು ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ಇರಬೇಕೆಂಬ ಕರಾರನ್ನು ಓದಿಯೇ ರುಜು ಹಾಕಬೇಕು. ಹಣ ಕೊಟ್ಟು ಸಮಯ ಕೊಡದ ಕಂಪನಿಗಿಂತ, ಹಣ ಕೊಡದಿದ್ದರೂ ಶುಕ್ರವಾರ ಸಂಜೆ ಸಕಾಲಕ್ಕೆ ಬಿಡುವ ಕಂಪನಿ ಮೇಲು.

ಪದವಿಯ ಹೆಸರನ್ನೂ ಗಮನಿಸಬೇಕು. ಆರು ತಿಂಗಳ ಪ್ರಮಾಣಪತ್ರದ ಕೋರ್ಸಿಗೂ ಎರಡು ವರ್ಷದ ಪದವಿಗೂ ಜಾಹೀರಾತುಗಳಲ್ಲಿ ಒಂದೇ ಬಣ್ಣ ಬಳಿದಿರುತ್ತಾರೆ. ಐ.ಐ.ಎಂ.ಗಳೇ 2017ರ ಕಾಯಿದೆ 2018ರ ಜನವರಿಯಲ್ಲಿ ಜಾರಿಗೆ ಬರುವ ತನಕ ಪದವಿಯನ್ನಲ್ಲ, ಡಿಪ್ಲೊಮಾವನ್ನು ಕೊಡುತ್ತಿದ್ದವು. ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆಯನ್ನು ಆಯೋಗದ ಜಾಲತಾಣದಲ್ಲಿ ತಾವೇ ನೋಡಿಕೊಳ್ಳಬೇಕು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು 2015ರಲ್ಲಿ ಆಯೋಗ ರದ್ದುಪಡಿಸಿದಾಗ ಸಹಸ್ರಾರು ವಿದ್ಯಾರ್ಥಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ಮಾನ್ಯತೆ 2018ರಲ್ಲಿ ಮರಳಿ ಬಂತು, ನಡುವಿನ ವರ್ಷಗಳು ಮರಳಲಿಲ್ಲ. ಮಧ್ಯವರ್ತಿಯ ಮಾತು ನಂಬಿ ಹಣ ಕಟ್ಟುವವರು ಇದನ್ನು ನೆನಪಿಡಲಿ.

ಹಾಗಾದರೆ ಮಾಡಬೇಕೇ, ಬೇಡವೇ ಎಂದು ಕೇಳುವವರಿಗೆ ನಾನು ಮರಳಿ ಕೇಳುವುದು ಒಂದೇ. ನಿನ್ನ ಕೆಲಸದಲ್ಲಿ ಉತ್ತರ ಸಿಗದೆ ಕಾಡುತ್ತಿರುವ ಮೂರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ತಾ. ಬರೆದು ತಂದವರು ಕೆಲವರು. ಅವರಿಗೆ ಧೈರ್ಯವಾಗಿ ಸೇರು ಎಂದಿದ್ದೇನೆ, ಅಂಥವರಿಗೆ ನಲವತ್ತೈದು ಆಗಿದ್ದರೂ ತಡವಲ್ಲ. ಪ್ರಶ್ನೆಗಳೇ ಹೊಳೆಯಲಿಲ್ಲ, ಆದರೆ ಪಕ್ಕದ ಕ್ಯಾಬಿನ್ನಿನವನು ಸೇರಿದ್ದಾನೆ ಎನ್ನುವವರಿಗೆ ಇನ್ನೆರಡು ವರ್ಷ ಕಾಯಲು ಹೇಳುತ್ತೇನೆ. ಆ ಎರಡು ವರ್ಷ ತನ್ನ ಕೆಲಸವನ್ನು ಕಣ್ತೆರೆದು ನೋಡಿದರೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಹುಟ್ಟದಿದ್ದರೆ 12 ಲಕ್ಷದ 75 ಸಾವಿರ ರೂಪಾಯಿ ಉಳಿಯಿತು, ನೂರನಾಲ್ಕು ಭಾನುವಾರಗಳೂ ಮನೆಯವರಿಗೆ ಉಳಿದವು. ಅದೂ ಒಂದು ಒಳ್ಳೆಯ ಆಡಳಿತವೇ.